ಎರಡನೆಯದು ಮೊದಲೋ, ಐದನೆಯದು ಮೊದಲೋ

ಹುಲಗೇಶ ತೀರಿಕೊಂಡ. ಸೋಮವಾರ ಬೆಳಿಗ್ಗೆ ಏಳೂವರೆಗೆ ಮೆಹದಿಪಟ್ಟಣಂ ಬಸ್ ಸ್ಟಾಪಿನಲ್ಲಿ ಬಾಲಾನಗರದ ಬಸ್ಸಿಗೆ ಕಾಯುತ್ತ ನಿಂತಿದ್ದವನು ಕುಸಿದುಬಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ವಯಸ್ಸು ನಲವತ್ತೇಳು.

ಅವನ ಅಪ್ಪ ದ್ಯಾವಪ್ಪ ಲಿಂಗಸೂಗೂರು ಕಡೆಯಿಂದ ಗಾರೆ ಕೆಲಸಕ್ಕೆ ಹೈದರಾಬಾದಿಗೆ ಬಂದವನು. ಕಟ್ಟುತ್ತಿರುವ ಬಿಲ್ಡಿಂಗುಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಬೆಳೆದ ಹುಲಗೇಶ ಐಟಿಐ ಮುಗಿಸಿ ಬಾಲಾನಗರದ ಒಂದು ಮಷೀನ್ ಶಾಪಿಗೆ ಸೇರಿದ. ಇಪ್ಪತ್ತನಾಲ್ಕು ವರ್ಷ ಅಲ್ಲೇ ಇನ್‌ಸ್ಪೆಕ್ಟರ್. ಬೇರೆಯವರು ಕಡೆದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಮುದ್ರೆ ಒತ್ತುವುದು ಅವನ ಕೆಲಸ. ಪ್ರತಿಸಲವೂ ವರ್ನಿಯರ್ ಎಂಬ ಅಳತೆಗೋಲಿನ ದವಡೆಗಳನ್ನು ಒರೆಸಿ, ಮುಚ್ಚಿ, ಸೊನ್ನೆಗೆ ಬರುತ್ತದೆಯೇ ನೋಡಿಯೇ ಅಳೆಯುತ್ತಿದ್ದ. ಹೆಂಡತಿ ಗಂಗಾಳ ಬಳೆಯ ಅಳತೆಯನ್ನೂ ಹಾಗೆಯೇ ತೆಗೆದಿದ್ದ.

ಇದರಾಚೆ ಅವನಿಗಿದ್ದ ಒಂದೇ ಹುಚ್ಚು ಓರ್ಡೇಲಿಯಾ ಎಂಬ ವೀಡಿಯೊ ಗೇಮು. ಮೂವತ್ತು ವರ್ಷದಲ್ಲಿ ಹನ್ನೊಂದು ಭಾಗ ಬಂದಿವೆ. ಎಲ್ಲವೂ ಒಂದೇ ರಾಜ್ಯದ ಕತೆ, ಆದರೆ ಒಂದೊಂದು ಭಾಗ ಒಂದೊಂದು ಕಾಲದ್ದು. ಯಾವ ಕಾಲ ಮೊದಲು, ಯಾವುದು ಆಮೇಲೆ ಎಂದು ಮಾಡಿದವರು ಹೇಳಿಲ್ಲ. ಆಡುವವರು ಅದನ್ನೇ ಹಿಡಿದು ಜಗಳವಾಡುತ್ತಾರೆ. ಹೈದರಾಬಾದಿನಲ್ಲಿ ಅಂಥವರದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ನಡೆಯುವುದೆಲ್ಲ ಹಿಂದಿ ಇಂಗ್ಲಿಷು. ಒಂದು ದಿನ ಸಿಟ್ಟು ತಡೆಯಲಾರದೆ ಹುಲಗೇಶ ಒಬ್ಬನಿಗೆ ಕನ್ನಡದಲ್ಲಿ "ನಿನ್ನ ತಲಿಯಾಗ ಏನೈತೋ ಮಾರಾಯ" ಎಂದು ಬರೆದ. "ನಿಮ್ಮ ತಲೆಯಲ್ಲಿಲ್ಲದ್ದು" ಎಂದು ಉತ್ತರ ಬಂತು. ಬರೆದವನು ರವಿಕಿರಣ. ಅಪ್ಪ ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿದ್ದವರು, ಮೈಸೂರು ಕಡೆಯ ಮನೆತನ. ಹುಲಗೇಶನಿಗಿಂತ ಹತ್ತು ವರ್ಷ ಚಿಕ್ಕವನು. ಅಂದು ಹತ್ತಿದ ಜಗಳ ಎಂಟು ವರ್ಷ ನಡೆಯಿತು, ಹೆಚ್ಚಾಗಿ ಹುಲಗೇಶನ ಮನೆಯಲ್ಲಿ, ಗಂಗಾ ಮಾಡಿದ ರೊಟ್ಟಿ ತಿನ್ನುತ್ತ.

ಜಗಳ ಇಷ್ಟೇ. ಎರಡನೆಯ ಭಾಗದಲ್ಲಿ ರಾಜನ ಖಡ್ಗ ಕಲ್ಲಿನ ಮೇಲೆ ಮಲಗಿದೆ, ಅಲಗಿನಲ್ಲಿ ಒಂದು ಮುಕ್ಕು. ಐದನೆಯ ಭಾಗದಲ್ಲಿ ಅದೇ ಖಡ್ಗವನ್ನು ನೆಲಕ್ಕೆ ನಾಟಿದ್ದಾರೆ, ಮುಕ್ಕಿಲ್ಲ.

"ಆದ ಮುಕ್ಕು ಮಾಯವಾಗಲ್ಲ ಹುಲಗೇಶಣ್ಣ. ಐದನೆಯದೇ ಮೊದಲು," ಎನ್ನುತ್ತಿದ್ದ ರವಿ.

"ಗ್ರೈಂಡಿಂಗ್ ಮಾಡಿ ಸವಸಿದ್ರ ಹೋಗತೈತಿ. ಆದ್ರ ಅಲಗು ಗಿಡ್ಡ ಆಗತೈತಿ. ನಿಮ್ಮಪ್ಪಾರನ್ನ ಕೇಳು ಹೋಗು."

ಹೋದ ವರ್ಷ ಹುಲಗೇಶ ಟೀವಿಯ ಗಾಜಿಗೇ ವರ್ನಿಯರ್ ಹಿಡಿದು ಅಳೆದ. ಎರಡನೆಯ ಭಾಗದಲ್ಲಿ ಅಲಗು ಹಿಡಿಯ ಅಡ್ಡಪಟ್ಟಿಯ ಐದು ಪಟ್ಟು ಮೀರಿ ಉದ್ದ. ಐದನೆಯದರಲ್ಲಿ ಬರೀ ಮೂರು ಪಟ್ಟು. ಗಿಡ್ಡವಾಗಿದೆ, ಅಂದರೆ ತಿದ್ದಿದ್ದಾರೆ, ಅಂದರೆ ಎರಡನೆಯದೇ ಮೊದಲು. ಮೂರನೆಯ ದಿನ ರವಿ ಗುಂಪಿನಲ್ಲಿ ಸೋಲೊಪ್ಪಿ ಬರೆದ. ಆಮೇಲೆ ಆ ಅಳತೆಯನ್ನೇ ಬುಡವಾಗಿಟ್ಟುಕೊಂಡು ಹನ್ನೊಂದು ಭಾಗಗಳನ್ನೂ ಹೊಸದಾಗಿ ಜೋಡಿಸಿದ. ಅದಕ್ಕೆ ವರ್ಷ ಹಿಡಿಯಿತು. ಹುಲಗೇಶ ತೀರಿಕೊಳ್ಳುವ ಹಿಂದಿನ ದಿನ, ಭಾನುವಾರ, ಹಿಮಾಯತ್‌ನಗರದ ಒಂದು ಸಭಾಂಗಣದಲ್ಲಿ ಆಟಗಾರರ ಕೂಟ, ಅದರಲ್ಲಿ ರವಿಯದೇ ಮುಖ್ಯ ಮಾತು.

ಅದರ ಹಿಂದಿನ ಗುರುವಾರ ಹುಲಗೇಶನ ಟೀವಿ ಕೆಟ್ಟಿತು. ಅಟ್ಟದಿಂದ ಹಳೆಯ ಡಬ್ಬಾ ಟೀವಿ ಇಳಿಸಿ ಎರಡನೆಯ ಭಾಗ ಹಾಕಿದ. ಚಹಾ ತಂದ ಗಂಗಾ ನಿಂತು ನೋಡಿದಳು.

"ಇದರಾಗ ಚಂದ್ರ ದುಂಡಗ ಅದಾನಲ್ರೀ. ಆ ಟೀವಿಯಾಗ ಅಡ್ಡಡ್ಡ ಉಬ್ಬಿದ್ದ."

ಹುಲಗೇಶ ಚಹಾ ಮುಟ್ಟಲಿಲ್ಲ. ಅಗಲ ಟೀವಿ ಹಳೆಯ ಚಿತ್ರವನ್ನು ಅಡ್ಡಕ್ಕೆ ಎಳೆದು ತೋರಿಸುತ್ತಿತ್ತು. ಮಲಗಿದ ಖಡ್ಗ ಉದ್ದವಾಗಿತ್ತು. ನಿಂತ ಖಡ್ಗದ ಅಡ್ಡಪಟ್ಟಿ ಅಗಲವಾಗಿ, ಅಲಗು ಗಿಡ್ಡ ಕಂಡಿತ್ತು. ಅವನು ವರ್ನಿಯರಿನ ಸೊನ್ನೆ ನೋಡಿದ್ದ, ಟೀವಿಯನ್ನು ನೋಡಿರಲಿಲ್ಲ. ಈಗ ಎರಡನ್ನೂ ಅಳೆದ. ಎರಡೂ ನಾಲ್ಕು ಪಟ್ಟು. ಮತ್ತೆ ಅಳೆದ. ನಾಲ್ಕು.

ಶುಕ್ರವಾರ ಶಾಪಿನಲ್ಲಿ ಒಂದೇ ಬಿಡಿಭಾಗವನ್ನು ನಾಲ್ಕು ಸಲ ಅಳೆದ. ಇಪ್ಪತ್ತನಾಲ್ಕು ವರ್ಷದಲ್ಲಿ ಹೀಗೆ ಎಷ್ಟು ತಪ್ಪು ಭಾಗ ಬಿಟ್ಟಿದ್ದೇನೋ ಎಂಬ ಯೋಚನೆ ಹೊಕ್ಕಿತು, ಹೊಕ್ಕಿದ್ದು ಹೊರಡಲಿಲ್ಲ. ಅದಕ್ಕಿಂತ ದೊಡ್ಡ ಅಂಜಿಕೆ ರವಿಯ ವಿಷಯದ್ದು. ತನ್ನ ಮಾತು ನಂಬಿ ಆ ಹುಡುಗ ಅಷ್ಟು ವರ್ಷದ ವಾದವನ್ನೇ ಬಿಟ್ಟುಕೊಟ್ಟಿದ್ದ. ಹೇಳಿದರೆ ಅವನ ಒಂದು ವರ್ಷದ ಕೆಲಸ ಮಣ್ಣುಪಾಲು. ಹೇಳದಿದ್ದರೆ ಸುಳ್ಳು ಅಳತೆಗೆ ತಾನೇ ಮುದ್ರೆ ಒತ್ತಿದ ಹಾಗೆ.

ಶನಿವಾರ ಫೋನು ಮಾಡಿದ. ಎರಡು ರಿಂಗಿಗೇ ರವಿ ಎತ್ತಿದ.

"ಹುಲಗೇಶಣ್ಣ, ನಾಳೆ ಅಮ್ಮನೂ ಬರ್ತಾಳೆ. ಇಷ್ಟು ದಿನ ಇದೇನು ಹುಚ್ಚು ಅಂತಿದ್ದವಳು, ಈಗ ಸೀರೆ ಇಸ್ತ್ರಿಗೆ ಕೊಟ್ಟಿದಾಳೆ. ನೀವು ಮುಂದಿನ ಸಾಲಲ್ಲೇ ಕೂರಬೇಕು. ಏನೋ ಹೇಳೋಕೆ ಮಾಡಿದ್ರಲ್ಲ?"

"ಏನಿಲ್ಲೋ. ಎಷ್ಟು ಗಂಟೆಕ್ಕ ಅಂತ ಕೇಳಾಕ ಮಾಡಿದೆ."

ಫೋನು ಇಟ್ಟವನು ಅಂಗಳಕ್ಕೂ ಪಡಸಾಲೆಗೂ ಓಡಾಡಿದ. ಗಂಗಾ ಕೇಳಿಯೇ ಬಿಟ್ಟಳು, "ಆಟದ ಕತ್ತಿ ಅಲ್ಲೇನ್ರೀ ಅದು? ಅದಕ್ಯಾಕ ಇಷ್ಟು ಬೆವರಾಕತ್ತೀರಿ?"

"ಕತ್ತಿ ಆಟದ್ದು. ಅಳದಾಂವ ನಾನಲ್ಲೇನ?"

ಭಾನುವಾರ ಸಭಾಂಗಣದಲ್ಲಿ ನೂರು ಜನವಿದ್ದರು. ರವಿಯ ತಾಯಿ ಕಮಲಾಕ್ಷಿಯಮ್ಮ ಹುಲಗೇಶನ ಪಕ್ಕದಲ್ಲೇ ಕುಳಿತರು. ರವಿ ಹಸನ್ಮುಖನಾಗಿ ಶುರುಮಾಡಿದ. ಹತ್ತು ನಿಮಿಷಕ್ಕೆ ಪರದೆಯ ಮೇಲೆ ಎರಡು ಖಡ್ಗಗಳು ಬಂದವು, ಕೆಳಗೆ ಹುಲಗೇಶನ ಹೆಸರು. ಹುಲಗೇಶ ಎದ್ದು ನಿಂತ.

"ರವಿ, ತಡೀಪಾ. ಆ ಅಳತಿ ತಪ್ಪೈತಿ."

ಟೀವಿಯ ಸಂಗತಿಯನ್ನು ತನ್ನ ಹರಕು ಹಿಂದಿಯಲ್ಲಿ ಎಲ್ಲರಿಗೂ ಹೇಳಿದ. ಹಿಂದಿನ ಸಾಲಿನಲ್ಲಿ ನಕ್ಕರು. ಗುಂಪಿನಲ್ಲಿ ಕನ್ನಡ ಬಲ್ಲ ಇನ್ನೊಬ್ಬಳು ಲಹರಿ, ಯಾರನ್ನೂ ಬಿಡದ ಹುಡುಗಿ, ಕನ್ನಡದಲ್ಲೇ ಚುಚ್ಚಿದಳು: "ರವಿ ಸರ್, ಮುಂದಿನ ಸಲ ಟೀವಿ ಮೆಕ್ಯಾನಿಕ್‌ನೇ ಕರೆಸಿ." ರವಿ ಲ್ಯಾಪ್‌ಟಾಪ್ ಮುಚ್ಚಿ, ಊಟಕ್ಕೂ ನಿಲ್ಲದೆ ಮೆಟ್ಟಿಲಿಳಿದು ಹೋದ.

ಕಮಲಾಕ್ಷಿಯಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ನೀವು ಹೇಳಿದ್ದು ಸರಿ ಹುಲಗೇಶಪ್ಪ. ನಿನ್ನೆ ಹೇಳಬೇಕಿತ್ತು."

"ಹೌದ್ರೀ ಅಮ್ಮಾರ."

ಅಂದು ಅವನು ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಮೂರು ಸಲ ಹಚ್ಚಿದ, ರವಿ ಎತ್ತಲಿಲ್ಲ. ಎದೆ ಒತ್ತಿದಂತಾಗುತ್ತಿದೆ ಎಂದಾಗ ಗಂಗಾ ಜೀರಿಗೆ ನೀರು ಕೊಟ್ಟಳು. ಚಿಂತೆಯದು ಅಂದುಕೊಂಡರು ಇಬ್ಬರೂ.

ಸೋಮವಾರ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ, ಏಳು ಇಪ್ಪತ್ತಕ್ಕೆ, ರವಿಯ ಮೆಸೇಜು ಬಂತು. ಒಂದೇ ಸಾಲು. "ಹಾಗಾದರೆ ಐದನೆಯದೇ ಮೊದಲು ಅಂತೀರಾ?"

ಹುಲಗೇಶ ನಿಂತಲ್ಲೇ ಉತ್ತರ ಬರೆದ. "ಹೌದು. ತಿದ್ದಿಲ್ಲ, ಗಿಡ್ಡ ಆಗಿಲ್ಲ. ಎಂಟು ವರ್ಷ ನೀ ಹೇಳಿದ್ದ ಖರೆ ಇತ್ತು." ಕಳಿಸಿದ ಮೇಲೆ ಇನ್ನೊಂದು ಸಾಲು ಬರೆದು ಅದನ್ನೂ ಕಳಿಸಿದ. "ನಿನ್ನೆ ಮನಿಗೆ ಹೋಗಿ ಉಂಡ್ಯೋ ಇಲ್ಲೋ?"