ಒಂದೇ ಪಕ್ಕದ ಆನೆ

ಗುಂಡ್ಲುಪೇಟೆಯಲ್ಲಿ ಜೀವಮಾನವೆಲ್ಲ ಅಂಗಡಿ ಬೋರ್ಡು ಬರೆದ ಮಾದಪ್ಪನವರು, ಫ್ಲೆಕ್ಸ್ ಬಂದು ಗಿರಾಕಿ ತಪ್ಪಿದ ಮೇಲೆ ಕಾಡಿನ ಲಂಟಾನ ಪೊದೆಯ ಕಡ್ಡಿಯಲ್ಲಿ ಆನೆಯ ಆಕೃತಿ ಕಟ್ಟಲು ಕೂತರು. ನಮ್ಮ ರೆಸಾರ್ಟಿನ ಹುಲ್ಲುಹಾಸಿನ ನಡುವೆ ನಿಲ್ಲಿಸಲು ಒಂದು ಬೇಕಿತ್ತು. ನಾನು ಒಪ್ಪಿದರೆ ಮಾತ್ರ ಅವರಿಗೆ ಮುಂದಿನ ಕೆಲಸ.

ಪಕ್ಕದಿಂದ ನೋಡಿದರೆ ಆನೆ ನನಗೂ ಹಿಡಿಸುವಷ್ಟು ಚೆನ್ನಾಗಿತ್ತು. ಸುತ್ತಿಕೊಂಡು ಆಚೆ ಹೋದೆ. ಅಲ್ಲಿ ಆನೆಯೇ ಇರಲಿಲ್ಲ, ಆಸರೆಗೆ ಕೊಟ್ಟ ಗಳಗಳಿದ್ದವು.

"ಇನ್ನೊಂದು ಪಕ್ಕ ಎಲ್ಲಿ ಮಾದಪ್ಪನವರೇ?"

"ಹಿಂದ್ಗಡೆ ಯಾರ್ ನೋಡಾರು ಸಾ?" ಅಂದವರು ತಾವೂ ಬಂದು ನೋಡಿ ನಕ್ಕುಬಿಟ್ಟರು. "ಅಯ್ಯೋ, ಬೋರ್ಡ್ ಮಾಡ್ಬುಟ್ಟಿವ್ನಿ ಕಣ್ ಸಾ! ಗೋಡೆಗ್ ಒರಗ್ಸನ ಬುಡಿ."

ಒರಗಿಸಿದೆವು. ಆನೆ ಗೋಡೆಯಿಂದ ಹೊರಬರುತ್ತಿರುವ ಹಾಗೆ ಕಂಡು ಅತಿಥಿಗಳು ಮೆಚ್ಚಿದರು. ಹುಲ್ಲುಹಾಸಿಗೆ ಇನ್ನೊಂದು ಮಾಡಿಕೊಡಲು ಹೇಳಿದೆ.

ಈ ಆನೆಗೆ ಎರಡೂ ಪಕ್ಕ ಇದೆ. ಎರಡೂ ಪಕ್ಕದ ಕಾಲಿನ ಮೇಲೆ ಕೆಂಪು ಬಣ್ಣದಲ್ಲಿ 'ಮಾದಪ್ಪ ಆರ್ಟ್ಸ್' ಎಂದೂ ಇದೆ.