ತಮ್ಮ ತಪ್ಪಿನ ಹಿಂದೆ ನಡೆದವರು

ಕಳೆದ ತಿಂಗಳು ಲಂಡನ್ನಿನ ಇಲ್ಫರ್ಡ್‌ನ ದಾನ ಬಂದ ಸಾಮಾನು ಮಾರುವ ಚಾರಿಟಿ ಅಂಗಡಿಯೊಂದರಲ್ಲಿ ಹಳೆಯ ಟೆಲಿಫೋನ್ ಡೈರೆಕ್ಟರಿ ಕಣ್ಣಿಗೆ ಬಿತ್ತು. ಸುಮ್ಮನೆ ತೆರೆದೆ. ತೆಳು ಕಾಗದ, ಇರುವೆ ಸಾಲಿನಂಥ ಅಕ್ಷರ, ಒಣಗಿದ ಅಂಟು ಮತ್ತು ಶಾಯಿ ಬೆರೆತ ವಾಸನೆ. ಪುಟ ತಿರುವುತ್ತಿದ್ದ ಕೈ ನಿಂತುಬಿಟ್ಟಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅದೇ ವಾಸನೆಯ ಪುಟಗಳ ಮೇಲೆ ಬಾಗಿ ಕೂರುತ್ತಿದ್ದ ಡಾಕ್ಟರಮ್ಮ ನೆನಪಾದರು...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲಂಡನ್ನಿನ ಒಂದು ಆಸ್ಪತ್ರೆಯ ಲೈಬ್ರರಿಯಲ್ಲಿ ಸಹಾಯಕನಾಗಿದ್ದೆ. ಅವರು ಅಲ್ಲಿಯೇ ಹಾರ್ಮೋನು ಮತ್ತು ಥೈರಾಯ್ಡ್ ಕುರಿತು ಸಂಶೋಧನೆ ಮಾಡುತ್ತಿದ್ದರು. ಮೈಸೂರಿನವರು; ನಗರದ ಅಂಚಿನ ಸ್ಟ್ಯಾನ್ಮೋರ್‌ನಲ್ಲಿ ಒಬ್ಬರೇ ಇದ್ದರು. ಯಾರ ಲೇಖನವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ತಿಳಿಸುವ ದಪ್ಪ ಸಂಪುಟಗಳು ಆಗ ಅಚ್ಚಾಗಿ ಬರುತ್ತಿದ್ದವು. ಸಂಶೋಧಕರು ಬಂದು ತಮ್ಮ ಹೆಸರು ಹುಡುಕಿ, ಕೆಳಗಿನ ಸಾಲುಗಳನ್ನು ಎಣಿಸಿ, ಗೆಲುವಾಗಿ ಹೋಗುತ್ತಿದ್ದರು. ಇವರು ಮಾತ್ರ ಒಂದೊಂದು ಸಾಲಿಗೂ ಬೆರಳಿಟ್ಟು, "ಅಯ್ಯೋ, ಇನ್ನೊಂದು" ಎಂದು ಗೊಣಗುತ್ತಿದ್ದರು. ಆ ಕನ್ನಡ ಕೇಳಿಯೇ ನಾನು ಹತ್ತಿರ ಹೋದದ್ದು.

"ಯಾವೂರ್ರೀ ನೀವು?" ಎಂದರು. ಕುಂದಾಪುರ ಎಂದೆ.

"ಕುಂದಾಪುರದೋರು ಹೋಟ್ಲು ಬಿಟ್ಟು ಲೈಬ್ರರಿಗೆ ಹೇಗ್ರೀ ಬಂದ್ರಿ?"

"ಹೋಟ್ಲಲ್ಲೇ ಇದ್ದೆ ಮೇಡಂ. ತಟ್ಟೆ ಒಡ್ದೂ ಒಡ್ದೂ, ಓಡ್ಸಿಬಿಟ್ರು."

ಅವರು ಜೋರಾಗಿ ನಕ್ಕರು. ಅಂಥ ನಗುವನ್ನು ಆಮೇಲೆ ನಾನು ಕೇಳಿದ ನೆನಪಿಲ್ಲ.

ವಿಷಯ ತಿಳಿದದ್ದು ನಿಧಾನವಾಗಿ. ಕೆಲವು ವರ್ಷ ಮೊದಲು ಅವರ ಒಂದು ಲೇಖನ ಹೆಸರು ಮಾಡಿತ್ತು. ಥೈರಾಯ್ಡ್ ಮಂದವಾಗಿರುವ ಕೆಲವು ಗರ್ಭಿಣಿಯರಿಗೆ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾಗಿಲ್ಲ ಎಂಬುದು ಅದರ ಸಾರ. ಆಮೇಲೊಮ್ಮೆ ಬೇರೆ ಕೆಲಸಕ್ಕೆಂದು ಹಳೆಯ ನೋಟ್‌ಬುಕ್ ತೆರೆದಾಗ, ಎರಡು ಗುಂಪಿನ ಹೆಂಗಸರ ರಕ್ತಪರೀಕ್ಷೆಯ ಪಟ್ಟಿಗಳನ್ನು ತಾವೇ ಅದಲುಬದಲು ಮಾಡಿದ್ದು ಅವರಿಗೆ ಗೊತ್ತಾಯಿತು. ಅಂದರೆ ಮಾತ್ರೆ ಹೆಚ್ಚಿಸಲೇಬೇಕಿತ್ತು. ಇಲ್ಲದಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆಗೆ ಅಪಾಯ. ಯಾರೂ ಕೇಳದಿದ್ದರೂ ಅವರೇ ಅದು ಅಚ್ಚಾದ ವೈದ್ಯಕೀಯ ಪತ್ರಿಕೆಗೆ ಬರೆದು ಲೇಖನವನ್ನು ಹಿಂತೆಗೆದುಕೊಂಡರು. ಪತ್ರಿಕೆ ಒಂದು ಮೂಲೆಯಲ್ಲಿ ನಾಲ್ಕು ಸಾಲು ಹಾಕಿತು. ಅದು ಯಾರ ಕಣ್ಣಿಗೂ ಬಿದ್ದಂತಿರಲಿಲ್ಲ. ಉಲ್ಲೇಖಿಸುವವರು ಉಲ್ಲೇಖಿಸುತ್ತಲೇ ಇದ್ದರು.

ಹಾಗಾಗಿ ಹೊಸ ಸಂಪುಟ ಬಂದಾಗಲೆಲ್ಲ ಅವರು ಆ ಲೇಖನದ ಕೆಳಗಿನ ಹೆಸರುಗಳನ್ನು ಬರೆದುಕೊಂಡು, ಒಬ್ಬೊಬ್ಬರಿಗೂ ಕೈಯಾರೆ ಪತ್ರ ಬರೆಯುತ್ತಿದ್ದರು. ದಯವಿಟ್ಟು ಇದನ್ನು ನಂಬಬೇಡಿ ಎಂದು. ವಿಳಾಸ ಹುಡುಕಿಕೊಡುವುದು ನನ್ನ ಕೆಲಸವಾಯಿತು. ಉತ್ತರ ಬರುತ್ತಿದ್ದದ್ದು ಕಡಿಮೆ. ಅಚ್ಚಾಗಿಹೋಗಿದೆ, ಇನ್ನೇನು ಮಾಡಲಾಗದು ಎಂದು ಒಬ್ಬರು ಬರೆದಿದ್ದರು.

ಆ ನಡುವೆ ಅವರನ್ನು ಪ್ರೊಫೆಸರ್ ಹುದ್ದೆಗೆ ಪರಿಗಣಿಸಿದರು. ಅದುವರೆಗಿನ ಎಲ್ಲ ಲೇಖನಗಳ ಪಟ್ಟಿ, ಒಂದೊಂದಕ್ಕೂ ಸಿಕ್ಕ ಉಲ್ಲೇಖಗಳ ಸಂಖ್ಯೆ ಕೊಡಬೇಕಿತ್ತು. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಆ ಲೇಖನದ್ದೇ. ಇರಲಿ ಬಿಡಿ, ಯಾರು ನೋಡುತ್ತಾರೆ ಎಂದರಂತೆ ವಿಭಾಗದ ಮುಖ್ಯಸ್ಥರು.

"ತಪ್ಪಿಗೇ ಫುಲ್ ಮಾರ್ಕ್ಸು ಕಣ್ರೀ," ಎನ್ನುತ್ತ ಅವರು ನನ್ನೆದುರೇ ಆ ಸಾಲನ್ನು ಹೊಡೆದುಹಾಕಿದರು. ಹುದ್ದೆ ಬೇರೆಯವರಿಗೆ ಹೋಯಿತು. ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಮುಂದಿನ ಸಂಪುಟ ಯಾವಾಗ ಬರುತ್ತದೆ ಎಂದಷ್ಟೇ ಕೇಳಿದರು.

ಎರಡು ವರ್ಷದ ಮೇಲೆ ಅವರು ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದರು. ಕ್ಯಾನ್ಸರ್. ಅವರಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ; ಅವರು ಹೇಳಿದಂತೆ ನಾನು ಪತ್ರ ಬರೆಯುತ್ತಿದ್ದೆ. ಕೊನೆಯ ಸಲ ನನಗೆ ಐದು ಹೆಸರು ಸಿಕ್ಕವು. ಐದನೆಯವರ ಲೇಖನ ತೆರೆದು ನೋಡಿದೆ. ಅದು ನಮ್ಮ ಕರ್ನಾಟಕದ ಸಣ್ಣ ಆಸ್ಪತ್ರೆಗಳ ಡಾಕ್ಟರುಗಳಿಗೆಂದು ಬರೆದ ಸಲಹೆ. ಮಾತ್ರೆ ಹೆಚ್ಚಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿತ್ತು. ಆಧಾರ, ನಮ್ಮ ಡಾಕ್ಟರಮ್ಮನ ಲೇಖನ. ಮೈಸೂರಿನಲ್ಲಿ ಅವರು ಡಾಕ್ಟರಿಕೆ ಕಲಿತ ಆಸ್ಪತ್ರೆಯ ಹೆಸರೂ ಆ ಸಲಹೆಯಲ್ಲಿತ್ತು. ವಾರ್ಡಿನ ಹೊರಗೆ, ಲಿಫ್ಟಿನ ಪಕ್ಕ ನಿಂತು ಪಟ್ಟಿಯನ್ನು ಬೇರೆ ಹಾಳೆಗೆ ನಕಲು ಮಾಡಿದೆ. ನಾಲ್ಕೇ ಹೆಸರು.

ಓದಿ ಹೇಳಿದೆ.

"ಇಷ್ಟೇನಾ?"

"ಇಷ್ಟೇ ಮೇಡಂ."

"ಹೋದ್ಸಲ ಏಳಿತ್ತು. ನೋಡಿದ್ರಾ, ಕಮ್ಮಿ ಆಗ್ತಾ ಇದೆ." ಹಣೆಯ ಗಂಟು ಸಡಿಲವಾಯಿತು. ನಾಲ್ಕು ಪತ್ರ ಹೇಳಿ ಬರೆಸಿದರು. ಹತ್ತು ದಿನಕ್ಕೆ ಹೋಗಿಬಿಟ್ಟರು.

ಐದನೆಯ ಪತ್ರವನ್ನು ನಾನೇ ಬರೆಯಬೇಕೆಂದುಕೊಂಡೆ. ಲೈಬ್ರರಿಯ ಸಹಾಯಕನ ಮಾತನ್ನು ಡಾಕ್ಟರುಗಳು ಯಾಕೆ ಕೇಳುತ್ತಾರೆ ಎಂದು ತಿಂಗಳುಗಟ್ಟಲೆ ತಡಮಾಡಿದೆ. ಕೊನೆಗೆ ಬರೆದೆ. ಉತ್ತರ ಬರಲಿಲ್ಲ. ಆ ತಿಂಗಳುಗಳಲ್ಲಿ ಆ ಪುಟ ನೋಡಿ ಯಾವ ಡಾಕ್ಟರು ಯಾವ ಬಸುರಿಗೆ ಏನು ಹೇಳಿ ಕಳಿಸಿದರೋ... ನನಗೆ ತಿಳಿಯದು. ತಿಳಿಯುವ ದಾರಿಯೂ ಇಲ್ಲ.

ಈಗ ಕಂಪ್ಯೂಟರಿನಲ್ಲಿ ಅವರ ಹೆಸರು ಹಾಕಿದರೆ ಲೇಖನಗಳೆಲ್ಲ ಸಾಲಾಗಿ ಬರುತ್ತವೆ. ಎಲ್ಲಕ್ಕಿಂತ ಮೇಲೆ ಆ ಒಂದು. ನಿನ್ನೆ ನೋಡಿದೆ, ಹೊಸದಾಗಿ ಇನ್ನೆರಡು ಉಲ್ಲೇಖ ಸೇರಿವೆ. ಅವರಿದ್ದಿದ್ದರೆ ಇಂದು ಬೆಳಿಗ್ಗೆ ಎರಡು ಪತ್ರ ಅಂಚೆ ಡಬ್ಬಿಗೆ ಬೀಳುತ್ತಿದ್ದವು. ಆ ತಪ್ಪಿನ ಮೇಲೆ ಒಂದೊಂದು ಅಂಕಿಯನ್ನೂ ಎರಡೆರಡು ಸಲ ನೋಡುತ್ತಿದ್ದವರು ಅಂದು ನನ್ನ ಕೈಯಲ್ಲಿದ್ದ ಹಾಳೆಯನ್ನು ಕೇಳಿ ಪಡೆದು ನೋಡಲಿಲ್ಲ. ನಾನು ಹೇಳಿದ್ದನ್ನು ನಂಬಿ ಹೋದರು.