ಮಾಯ್‌ಮಾಯ್ ಸಿಕ್ಕಿಕೊಂಡ ಬೇಸಿಗೆ

ಹೋದ ವಾರ ನಮ್ಮ ಪಿ.ಜಿ.ಯ ಅಡುಗೆಮನೆಯಲ್ಲಿ ಮೂಲಂಗಿ ಹುಳಿ ಕುದಿಯುತ್ತಿದ್ದಾಗ ಗ್ಯಾಸ್ ಖಾಲಿಯಾಯಿತು. ಬೇಳೆ ಬೆರೆಸಿರಲಿಲ್ಲ, ಪುಡಿ ಹಾಕಿರಲಿಲ್ಲ, ಒಗ್ಗರಣೆ ಬಿದ್ದಿರಲಿಲ್ಲ. ಬರೀ ಹುಣಸೆಹಣ್ಣಿನ ನೀರಿನಲ್ಲಿ ಬೆಂದ ಮೂಲಂಗಿಯ ವಾಸನೆ ಮೆಟ್ಟಿಲು ಹತ್ತಿ ನನ್ನ ಕೋಣೆಯವರೆಗೆ ಬಂತು. ಉಳಿದ ಹುಡುಗಿಯರು ಮೂಗು ಮುಚ್ಚಿಕೊಂಡು ಕಿಟಕಿ ತೆರೆದರು. ನಾನು ಓದುತ್ತಿದ್ದ ಪುಸ್ತಕ ಮಗುಚಿಟ್ಟು ಬಾಗಿಲಲ್ಲಿ ಹೋಗಿ ನಿಂತೆ. ನಿಮಗೂ ಯಾವತ್ತಾದರೂ ಹೀಗೆ ಆಗಿರಬಹುದು. ಯಾರದೋ ಅಡುಗೆಯ ಅರೆಬೆಂದ ವಾಸನೆಗೆ, ಈಗ ಇಲ್ಲದ ಮನೆಯೊಂದು ತನ್ನ ಎಲ್ಲ ಕೋಣೆಗಳ ಸಮೇತ ಎದ್ದು ಬಂದುಬಿಡುತ್ತದೆ. ನನ್ನ ಮುಂದೆ ಎದ್ದು ಬಂದದ್ದು ದೊಡ್ಡಬಳ್ಳಾಪುರದ ನಮ್ಮ ಮನೆ, ಮತ್ತು ಒಂದಿಡೀ ಬೇಸಿಗೆ ಅದರೊಳಗೆ ಸಿಕ್ಕಿಕೊಂಡಿದ್ದ ನನ್ನ ಚಿಕ್ಕಪ್ಪನ ಮಗಳು ಮಾಯ್‌ಮಾಯ್.

ನಮ್ಮದು ರೈಲು ಡಬ್ಬಿಯಂಥ ಉದ್ದನೆಯ ಮನೆ. ಬೀದಿಗೆ ಒಂದು ಜಗಲಿ, ಆಮೇಲೆ ಟಿ.ವಿ. ಇದ್ದ ನಡುಮನೆ, ಅಡುಗೆಮನೆ, ಅದರ ಹಿಂದೆ ನಾಲ್ಕು ವಿದ್ಯುತ್ ಮಗ್ಗಗಳಿದ್ದ ಮಗ್ಗದ ಮನೆ. ಅಕ್ಕಪಕ್ಕದ ಮನೆಗಳು ನಮ್ಮ ಗೋಡೆಗೇ ಅಂಟಿಕೊಂಡಿದ್ದರಿಂದ ಪಕ್ಕಕ್ಕೆ ಕಿಟಕಿಗಳೇ ಇರಲಿಲ್ಲ. ಮಗ್ಗದ ಮನೆಗೆ ಬೆಳಕು ಬೀಳುತ್ತಿದ್ದದ್ದು ಮಾಡಿಗೆ ಕೂರಿಸಿದ್ದ ಗಾಜಿನ ಹೆಂಚಿನಿಂದ. ಮಗ್ಗಗಳ ಸದ್ದು ಎಷ್ಟಿರುತ್ತಿತ್ತೆಂದರೆ ನಮ್ಮ ಬೀದಿಯವರೆಲ್ಲ ಕೂಗಿಯೇ ಮಾತಾಡುವವರು. ಸಾವಿನ ಮನೆಯಲ್ಲೂ ಕೂಗಿಯೇ ಸಮಾಧಾನ ಹೇಳುತ್ತಿದ್ದರು. ಯಂತ್ರದ ಎಣ್ಣೆ ಮತ್ತು ಹೊಸ ರೇಷ್ಮೆಯ ವಾಸನೆ ನಮ್ಮ ಬಟ್ಟೆಯಲ್ಲಿ, ಹಾಸಿಗೆಯಲ್ಲಿ, ಶಾಲೆಗೆ ಒಯ್ಯುವ ಬುತ್ತಿಯ ಚೀಲದಲ್ಲೂ ಇರುತ್ತಿತ್ತು. ಅಪ್ಪ ಮಗ್ಗ ನೋಡಿಕೊಳ್ಳುತ್ತಿದ್ದ, ಅಮ್ಮ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಇಬ್ಬರನ್ನೂ ಅಜ್ಜಿ ನೋಡಿಕೊಳ್ಳುತ್ತಿದ್ದಳು.

ಚಿಕ್ಕಪ್ಪ ಹೋಟೆಲ್ ಕೆಲಸಕ್ಕೆಂದು ದುಬೈಗೆ ಹೋದವನು ಅಲ್ಲೇ ಫಿಲಿಪೀನ್ಸ್ ದೇಶದ ನರ್ಸ್ ಒಬ್ಬಳನ್ನು ಮದುವೆಯಾಗಿದ್ದ. ಅಜ್ಜಿ ಅವನೊಂದಿಗೆ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು. ಅವರಿಗೆ ಹುಟ್ಟಿದ ಮಗಳು, ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುತ್ತಿದ್ದರಿಂದ, ಫಿಲಿಪೀನ್ಸಿನ ಸಮುದ್ರದಂಡೆಯ ಊರೊಂದರಲ್ಲಿ ತಾಯಿಯ ತಾಯಿಯ ಹತ್ತಿರ ಬೆಳೆದಳು. ಆ ಅಜ್ಜಿಯನ್ನು ಅವಳು ಲೋಲಾ ಅನ್ನುತ್ತಿದ್ದಳು. ಅವರ ಮಾತಿನಲ್ಲಿ ಅಜ್ಜಿಗೆ ಹಾಗೇ ಅನ್ನುವುದು. ನಾನು ಎಂಟನೆಯ ಕ್ಲಾಸಿನಲ್ಲಿದ್ದ ವರ್ಷ, ಬೇಸಿಗೆ ರಜ ಶುರುವಾಗುವ ಮುಂಚೆಯೇ, ಚಿಕ್ಕಪ್ಪ ಅವಳನ್ನು ಮೊದಲ ಬಾರಿಗೆ ನಮ್ಮ ಮನೆಗೆ ಕರೆತಂದ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಹಳದಿ ಅಂಗಿ, ಕುತ್ತಿಗೆಯಲ್ಲಿ ದೊಡ್ಡ ಹೆಡ್‌ಫೋನ್. ಹೆಸರು ಕೇಳಿ ಅಜ್ಜಿ, "ಮಾಯ್ ಮಾಯ್ ಅಂತ ಎರಡು ಸಲ ಯಾಕೆ? ಒಂದ್ಸಲ ಕರೆದ್ರೆ ಓಗೊಡಲ್ವಾ ಇವ್ಳು?" ಅಂದಳು. ಮಾಯ್‌ಮಾಯ್‌ಗೆ ಅರ್ಥವಾಗಲಿಲ್ಲ. ಅವಳು ಬಗ್ಗಿ ಅಜ್ಜಿಯ ಕೈ ಹಿಡಿದು, ಅದನ್ನು ತನ್ನ ಹಣೆಗೆ ಒತ್ತಿಕೊಂಡು "ಮಾನೋ ಪೋ" ಎಂದಳು. ಅಜ್ಜಿಯ ತವರು ಹಿಂದೂಪುರದ ಕಡೆ. ಅವಳ ಕಿವಿಗೆ ಬಿದ್ದದ್ದು ತೆಲುಗಿನ 'ಪೋ'. ಕೈ ಕಿತ್ತುಕೊಂಡಳು. "ಬರ್ತಿದ್ದಂಗೇ ನನ್ನೇ ಹೋಗು ಅಂತಾಳಲ್ಲೋ ನಿನ್ ಮಗಳು!" ಚಿಕ್ಕಪ್ಪ ನಕ್ಕೂ ನಕ್ಕೂ, ಅದು ದೊಡ್ಡವರಿಗೆ ಕೊಡುವ ಮರ್ಯಾದೆ, ನಮ್ಮ 'ರೀ' ಇದ್ದ ಹಾಗೆ ಎಂದು ಬಿಡಿಸಿ ಹೇಳಿದ. ಅಜ್ಜಿ ನಂಬಲಿಲ್ಲ. ಮೊಮ್ಮಗಳು ಹಾಗಂದಾಗಲೆಲ್ಲ ಮೆಲ್ಲಗೆ "ನೀನೇ ಪೋ" ಎನ್ನುತ್ತಿದ್ದಳು.

ಮೂರು ವಾರ ಬಿಟ್ಟು ಬಂದು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಚಿಕ್ಕಪ್ಪ ಕೆಲಸಕ್ಕೆ ವಾಪಸ್ ಹೋದ. ಆ ಮೂರು ವಾರ ಮುಗಿಯುವ ಮೊದಲೇ ಲಾಕ್‌ಡೌನ್ ಬಂತು. ಮಗ್ಗಗಳು ನಿಂತವು. ನಮ್ಮ ಬೀದಿಯಲ್ಲಿ ನನಗೆ ನೆನಪಿದ್ದಂತೆ ಮೊದಲ ಬಾರಿ ಕಾಗೆಯ ಕೂಗು ಕೇಳಿಸಿತು. ಸದ್ದಿಲ್ಲದಿದ್ದರೂ ನಾವು ಅಭ್ಯಾಸಬಲದಿಂದ ಕೂಗಿಯೇ ಮಾತಾಡಿ, ಆಮೇಲೆ ನಾಚಿಕೊಳ್ಳುತ್ತಿದ್ದೆವು. ಮನೆಯ ಮುಂಭಾಗಕ್ಕೆ ಸಣ್ಣ ತಾರಸಿಯಿತ್ತು. ದೇವನಹಳ್ಳಿಯಲ್ಲಿ ಇಳಿಯುವ ವಿಮಾನಗಳು ಅಲ್ಲಿಂದ ಕಾಣುತ್ತಿದ್ದವು. ಬಂದ ದಿನದಿಂದ ಮಾಯ್‌ಮಾಯ್‌ಗೆ ಅಲ್ಲಿ ನಿಂತು ಅವನ್ನು ನೋಡುವುದೇ ಒಂದು ಕೆಲಸವಾಗಿತ್ತು. ಈಗ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಒಂದೂ ಬರದ ಮೊದಲ ಸಂಜೆ ಅವಳು ಕತ್ತಲಾಗುವ ತನಕ ಅಲ್ಲೇ ಇದ್ದಳು. ಕೆಳಗಿಳಿದು ಬಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು, "ನಿಮ್ಮೂರಿಂದ ಸಮುದ್ರಕ್ಕೆ ಎಷ್ಟು ದೂರ?" ಇಲ್ಲಿಂದ ಸಮುದ್ರಕ್ಕೆ ಒಂದು ಹಗಲು ಹಿಡಿಯುತ್ತದೆ ಎಂದೆ. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ನಮ್ಮ ಮನೆ ಎಷ್ಟು ಇಕ್ಕಟ್ಟಾದದ್ದು ಎಂದು ನನಗೆ ಅವತ್ತು ಮೊದಲ ಸಲ ಅನಿಸಿತು.

ಇದಕ್ಕೂ ಕೆಟ್ಟದ್ದು ಇನ್ನೂ ಇತ್ತು. ಹೊರದೇಶದಿಂದ ಬಂದವಳೆಂದು ನಮ್ಮ ಬಾಗಿಲಿಗೆ ಆರೋಗ್ಯ ಇಲಾಖೆಯವರು ಚೀಟಿ ಅಂಟಿಸಿ ಹೋಗಿದ್ದರು. ಅದಾದ ಮೇಲೆ ಬೀದಿಯವರು ನಮ್ಮ ಮನೆಯ ಮುಂದೆ ಬರುವಾಗ ಆಚೆ ಪಕ್ಕಕ್ಕೆ ಸರಿದು ನಡೆಯತೊಡಗಿದರು. ಒಂದು ಮಧ್ಯಾಹ್ನ ಮಾಯ್‌ಮಾಯ್ ತಾರಸಿಯ ಮೇಲೆ ಹೆಡ್‌ಫೋನ್ ಹಾಕಿಕೊಂಡು, ತಾನು ಎಲ್ಲಿದ್ದೇನೆಂಬುದನ್ನೇ ಮರೆತು, ಅವರ ದೇಶದ ಯಾವುದೋ ಟಿ.ವಿ. ಕಾರ್ಯಕ್ರಮದ ಕುಣಿತವನ್ನು ಕುಣಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೆಳಗೆ ಐದಾರು ಜನ ಸೇರಿದರು. ಮೂಲೆಮನೆಯವನು ಅಜ್ಜಿಯ ಹೆಸರು ಹಿಡಿದು ಕೂಗಿದ, "ನಿಂಗಮ್ಮಾ, ಆ ಚೀನಾ ಹುಡ್ಗೀನ ಆಸ್ಪತ್ರೆಗೆ ಕಳ್ಸಿ! ಮೇಲೆ ನಿಂತ್ಕೊಂಡು ಬೀದಿಗೆಲ್ಲ ಹರಡ್ತಾವ್ಳೆ!" ಅಪ್ಪ ಸಮಾಧಾನ ಮಾಡಲು ಮುಖಕ್ಕೆ ಟವೆಲು ಕಟ್ಟಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅಜ್ಜಿ ಬರಿಮುಖದಲ್ಲೇ ಜಗಲಿಗೆ ಹೋಗಿ ನಿಂತಳು.

"ಚೀನಾನೂ ಇಲ್ಲ ಗೀನಾನೂ ಇಲ್ಲ. ನನ್ನ ಮಗನ ಮಗಳು ಕಣ್ರೋ ಅವ್ಳು. ಮೂಗು ನೋಡಿ, ನಮ್ಮೆಜಮಾನ್ರದ್ದೇ. ನಿಮ್ಮಪ್ಪಂದಿರಿಗೆ ಗೊತ್ತಿತ್ತು ಆ ಮೂಗು."

ಒಬ್ಬೊಬ್ಬರಾಗಿ ಚದುರಿದರು. ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದ ಮಾಯ್‌ಮಾಯ್‌ಗೆ ನಾನು ಅಜ್ಜಿಯ ಮಾತನ್ನು ಹೇಳಿದೆ. ಅವಳು ತನ್ನ ಮೂಗನ್ನು ಮುಟ್ಟಿ ನೋಡಿಕೊಂಡಳು. ಆದರೆ ಅಜ್ಜಿ ಒಳಗೆ ಬಂದವಳೇ ತಾರಸಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇನ್ನು ಇದನ್ನ ತೆಗೆಯೋ ಹಾಗಿಲ್ಲ. ಜಗಲಿಗೂ ಬರೋ ಹಾಗಿಲ್ಲ. ಅವ್ಳಿಗೆ ಹೇಳೇ ಪುಟ್ಟಿ." ನಾನು ಹೇಳಬೇಕಾಯಿತು. ತನ್ನನ್ನು ಮೊಮ್ಮಗಳೆಂದು ಒಪ್ಪಿಕೊಂಡ ದಿನವೇ ತನಗೆ ಆಕಾಶ ಇಲ್ಲವಾದದ್ದನ್ನು ಅವಳು ಹೇಗೆ ತೆಗೆದುಕೊಂಡಳೋ. ಹಿಂದಕ್ಕೆ, ಮಗ್ಗದ ಮನೆಗೆ ನಡೆದುಹೋದಳು.

ಆಮೇಲಿನ ದಿನಗಳೆಲ್ಲ ಅಲ್ಲಿಯೇ. ಅರ್ಧ ನೇಯ್ದ ಸೀರೆಗಳು ಮಗ್ಗಗಳ ಮೇಲೆ ಹಾಗೇ ನಿಂತಿದ್ದವು. ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನ ತುಂಡು ಒಂದು ಮಗ್ಗದಿಂದ ಇನ್ನೊಂದಕ್ಕೆ ಸರಿಯುತ್ತಿತ್ತು, ಅದರ ಹಿಂದೆಯೇ ಅವಳೂ ತನ್ನ ಚಾಪೆ ಎಳೆದುಕೊಳ್ಳುತ್ತಿದ್ದಳು. ಬೋನಿನಲ್ಲಿ ಸಿಕ್ಕಿದ ಪ್ರಾಣಿಯ ಹಾಗೆ ಆ ಗೋಡೆಯಿಂದ ಈ ಗೋಡೆಗೆ ಸುಮ್ಮನೆ ನಡೆದಾಡುವ ಹೊತ್ತುಗಳೂ ಇದ್ದವು. ಮನಸ್ಸು ಸರಿಯಿದ್ದಾಗ ಮಾತ್ರ ನೂಲು ಹಾಯಿಸುವ ಲಾಳಿಯನ್ನು ಮೈಕಿನ ಹಾಗೆ ಹಿಡಿದು ಹಾಡುತ್ತಿದ್ದಳು. ಅವರ ಊರಿನಲ್ಲಿ ಪ್ರತಿ ಬೀದಿಗೂ ಹಾಡಿಗೆ ಬರೀ ಸಂಗೀತ ನುಡಿಸುವ ಒಂದು ಕರೋಕೆ ಯಂತ್ರವಿರುತ್ತದಂತೆ. ಹುಟ್ಟುಹಬ್ಬವಿರಲಿ, ಸಾವಿರಲಿ, ಮೀನು ಚೆನ್ನಾಗಿ ಸಿಕ್ಕಿರಲಿ, ಎಲ್ಲದಕ್ಕೂ ಹಾಡು. ಹಾಡಿನ ಕೊನೆಗೆ ಯಂತ್ರವೇ ಅಂಕ ಕೊಡುತ್ತದಂತೆ. ಇಲ್ಲಿ ಯಂತ್ರವಿರಲಿಲ್ಲವಾದ್ದರಿಂದ ಅಂಕ ಕೊಡುವವಳು ನಾನು. ಕಡಿಮೆ ಕೊಟ್ಟರೆ ಮುನಿಸು.

ಅಜ್ಜಿಯೊಂದಿಗೆ ಅವಳನ್ನು ಹತ್ತಿರ ಮಾಡಿದ್ದು ಧಾರಾವಾಹಿ. ಶೂಟಿಂಗ್ ನಿಂತು ಎಲ್ಲ ಚಾನೆಲ್ಲುಗಳೂ ಹಳೆಯ ಕಂತುಗಳನ್ನೇ ಹಾಕುತ್ತಿದ್ದವು. ಮಾಯ್‌ಮಾಯ್ ಹಿಂದೆ ಕೂತು, ಒಂದಕ್ಷರ ಕನ್ನಡ ತಿಳಿಯದೆಯೂ, "ಈಗ ಕೆನ್ನೆಗೆ ಬೀಳುತ್ತೆ" ಎಂದು ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಮರುಗಳಿಗೆ ಪರದೆಯ ಮೇಲೆ ಅತ್ತೆ ಸೊಸೆಯ ಕೆನ್ನೆಗೆ ಬಾರಿಸುತ್ತಿದ್ದಳು. ನಾನದನ್ನು ಹೇಳಿದಾಗ ಅಜ್ಜಿ ಬೆರಗಾದಳು. ಅವರ ದೇಶದಲ್ಲೂ ಇಂಥವೇ ಇವೆಯೆಂದೂ, ಲೋಲಾ ಜೊತೆ ಕೂತು ಒಂದನ್ನು ದಿನವೂ ನೋಡುತ್ತಿದ್ದೆನೆಂದೂ ಅವಳು ಹೇಳಿದ ಮೇಲೆ, ಸಂಜೆಗಳು ಬದಲಾದವು. ಮಗ್ಗದ ಮನೆಯಲ್ಲಿ ಅಜ್ಜಿ ಕಾಲು ಚಾಚಿ ಕೂರುವಳು, ಮಾಯ್‌ಮಾಯ್ ಆ ಕಥೆಯನ್ನು ಎಲ್ಲ ಪಾತ್ರಗಳನ್ನೂ ತಾನೇ ಆಡಿ ತೋರಿಸುವಳು, ನಾನು ಕನ್ನಡದಲ್ಲಿ ಹೇಳುವುದು. ಹುಟ್ಟುವಾಗಲೇ ಅದಲುಬದಲಾದ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಬಂಗಲೆಯಲ್ಲಿ, ಒಬ್ಬಳು ಮೀನು ಮಾರುವವರ ಕೇರಿಯಲ್ಲಿ. ಅಮ್ಮನೂ ಹಿಟ್ಟಿನ ಕೈಯಲ್ಲೇ ಬಂದು ನಿಲ್ಲುತ್ತಿದ್ದಳು. ಮರುದಿನ ಅಜ್ಜಿಯೇ ಶುರು ಮಾಡುವಳು: "ಆ ಮೀನಿನ ಹುಡ್ಗಿ ಆಸ್ಪತ್ರೆ ಸೇರಿದ್ಲಲ್ಲ, ಆಮೇಲೇನಾಯ್ತು ಕೇಳೇ." ಮಾಯ್‌ಮಾಯ್ ನೋಡಿದ್ದ ಕಂತುಗಳು ಎಂದೋ ಮುಗಿದಿದ್ದವು. ಮುಂದಿನದನ್ನೆಲ್ಲ ಅವಳೇ ಕಟ್ಟುತ್ತಿದ್ದಳು. ಅದು ನನಗೆ ಮಾತ್ರ ಗೊತ್ತಿತ್ತು.

ಮುಂಗಾರಿನ ಮೊದಲ ಮೋಡಗಳು ಬಂದ ಹೊತ್ತಿಗೆ ಲೋಲಾಗೆ ಜ್ವರವೆಂದು ಫೋನ್ ಬಂತು. ಆಸ್ಪತ್ರೆಗೆ ಸೇರಿಸಿದ ಮೇಲೆ ಯಾರನ್ನೂ ಹತ್ತಿರ ಬಿಡುತ್ತಿಲ್ಲ ಎಂದಿತು ಮುಂದಿನ ಫೋನ್. ದುಬೈಯಲ್ಲಿದ್ದ ಅವಳಮ್ಮ ಅಲ್ಲಿನ ಆಸ್ಪತ್ರೆಯಲ್ಲಿ ಅದೇ ರೋಗದವರನ್ನು ನೋಡಿಕೊಳ್ಳುತ್ತಿದ್ದಳು. ತನ್ನ ತಾಯಿಯ ಹತ್ತಿರ ಹೋಗಲು ಅವಳಿಗೂ ಆಗಲಿಲ್ಲ. ಮಾಯ್‌ಮಾಯ್ ತನ್ನ ಚೀಲ ಕಟ್ಟಿದಳು. ಕಟ್ಟಿ ಬೀದಿಬಾಗಿಲ ಬಳಿ ಇಟ್ಟುಕೊಂಡು, ಚಪ್ಪಲಿ ಹಾಕಿಕೊಂಡು ಕೂತಳು. ಅಪ್ಪ ಅವಳ ಎದುರಿಗೆ ನೆಲದ ಮೇಲೆ ಕೂತು ಅವನ ಹರಕು ಇಂಗ್ಲಿಷಿನಲ್ಲಿ "ನೋ ಪ್ಲೇನ್ ಮಗಳೇ, ನೋ ಪ್ಲೇನ್" ಎನ್ನುತ್ತಿದ್ದ. ಅವಳು ಕನ್ನಡದಲ್ಲಿ ಆಡಿದ ಮೊದಲ ಪೂರ್ತಿ ಮಾತನ್ನು ನಾನು ಆಗ ಕೇಳಿದೆ. "ನಾನು ಹೋಗ್ಬೇಕು." ಯಾರೂ ಕಲಿಸಿರಲಿಲ್ಲ. ಎರಡು ದಿನ ಆ ಚೀಲ ಅಲ್ಲಿಂದ ಕದಲಲಿಲ್ಲ. ಮೂರನೆಯ ದಿನ ಲೋಲಾ ತೀರಿಕೊಂಡ ಸುದ್ದಿ ಬಂತು. ಅವಳು ಚಪ್ಪಲಿ ಬಿಚ್ಚಿಟ್ಟಳು.

ಅವರಲ್ಲಿ ಸತ್ತವರಿಗಾಗಿ ಒಂಬತ್ತು ದಿನ ಪ್ರಾರ್ಥನೆ ಇರುತ್ತದೆ. ಅವರೂರಿನ ಸಂಜೆ ಅಂದರೆ ನಮ್ಮಲ್ಲಿ ಇನ್ನೂ ಬಿಸಿಲು. ಅವಳು ಫೋನನ್ನು ಮಗ್ಗಕ್ಕೆ ಒರಗಿಸಿಟ್ಟು ಅದರ ಮುಂದೆ ಮಂಡಿಯೂರುತ್ತಿದ್ದಳು. ಸಣ್ಣ ಪರದೆಯಲ್ಲಿ ಒಂದು ಮನೆ, ತಲೆಗೆ ಮುಸುಕು ಹಾಕಿದ ನಾಲ್ಕೈದು ಹೆಂಗಸರು, ಹೂವಿನ ನಡುವೆ ಲೋಲಾಳ ಫೋಟೋ. ನೆಟ್‌ವರ್ಕ್ ಹೋದಾಗ ಎಲ್ಲರೂ ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದರು. ಮೊದಲ ದಿನ ಅಜ್ಜಿ ಬಾಗಿಲಲ್ಲಿ ನಿಂತು ನೋಡಿ ಹೋದಳು. ಎರಡನೆಯ ದಿನ ಬಂದು ಹಿಂದೆ ಕೂತಳು. ಆಮೇಲೆ ದಿನವೂ ಬಂದಳು. ಅವರ ಮಂತ್ರ ನಿಂತ ಕಡೆಯೆಲ್ಲ ಅಜ್ಜಿ "ತಾಯಿ ಬನಶಂಕರಿ" ಎನ್ನುವಳು, ಪರದೆಯಾಚೆಯ ಹೆಂಗಸರು ತಲೆಯಾಡಿಸುವರು. ಕೊನೆಯ ದಿನ ಬಂದವರಿಗೆಲ್ಲ ಊಟ ಹಾಕುವುದು ಪದ್ಧತಿಯೆಂದು ಕೇಳಿದ ಅಮ್ಮ, ಲೋಲಾ ಮಾಡುತ್ತಿದ್ದ ಅಡುಗೆ ಯಾವುದು ಎಂದಳು. ಮಾಯ್‌ಮಾಯ್ ತಾನೇ ಒಲೆಯ ಮುಂದೆ ನಿಂತಳು. ಹುಣಸೆಹಣ್ಣಿನ ನೀರು, ಮೂಲಂಗಿ, ಟೊಮೆಟೊ, ಉಪ್ಪು, ಒಂದು ಹಿಡಿ ಸೊಪ್ಪು, ಅಷ್ಟೇ. ಮೀನು ಬೇಕಿತ್ತು, ಸಿಗಲಿಲ್ಲ. ಅಮ್ಮನ ಕೈ ಸಾಸಿವೆ ಡಬ್ಬಿಯವರೆಗೆ ಹೋಗಿ ಹಿಂದಕ್ಕೆ ಬಂತು. ಅನ್ನಕ್ಕೆ ಅದನ್ನು ಸುರಿದುಕೊಂಡು ನಾವೆಲ್ಲ ಉಂಡೆವು. ಅಜ್ಜಿ ಎರಡನೆಯ ಸಲ ಹಾಕಿಸಿಕೊಂಡಳು. ಊಟವಾದ ಮೇಲೆ ಸೊಂಟದಿಂದ ಕೀಲಿ ತೆಗೆದು ಮಾಯ್‌ಮಾಯ್‌ಳ ಕೈಯಲ್ಲಿಟ್ಟು, "ಹೋಗು, ಗಾಳಿ ತಗೋ. ಯಾರೇನಂತಾರೋ ಅನ್ಲಿ, ನಾನಿದ್ದೀನಿ" ಎಂದಳು. ಅವಳು ಮೇಲೆ ಹೋದಳು. ಕುಣಿಯಲಿಲ್ಲ, ಹಾಡಲಿಲ್ಲ, ಮಳೆಯ ಮೊದಲ ಹನಿಗಳು ಬೀಳುತ್ತಿದ್ದರೂ ಸುಮ್ಮನೆ ನಿಂತಿದ್ದಳು.

ಕಥೆ ಹೇಳುವುದನ್ನು ಅವಳು ಮತ್ತೆ ಶುರು ಮಾಡಲೇ ಇಲ್ಲ. ಆ ಇಬ್ಬರು ಹುಡುಗಿಯರ ಗತಿ ಏನಾಯಿತೆಂದು ಅಜ್ಜಿಯೂ ಕೇಳಲಿಲ್ಲ. ಆ ಸಂಜೆಗಳಲ್ಲಿ ನಾನು ಅವಳಿಗೆ ಕನ್ನಡ ಕಲಿಸತೊಡಗಿದೆ. ಮಳೆಗಾಲ ಅರ್ಧ ಕಳೆದ ಮೇಲೆ ದುಬೈಗೆ ವಿಶೇಷ ವಿಮಾನವೊಂದರಲ್ಲಿ ಅವಳಿಗೆ ಜಾಗ ಸಿಕ್ಕಿತು. ವಿಮಾನ ನಿಲ್ದಾಣದಲ್ಲಿ ಒಳಗೆ ಬಿಡಲಿಲ್ಲವಾದ್ದರಿಂದ ಕಾರಿನ ಬಳಿಯೇ ಬೀಳ್ಕೊಟ್ಟೆವು. ಮುಖಗವಸಿನ ಮೇಲೆ ಅವಳ ಕಣ್ಣಷ್ಟೇ ಕಾಣುತ್ತಿತ್ತು. ಬಿಡುಗಡೆಯಾಗಿ ಹೋಗುತ್ತಿದ್ದವಳು ಖುಷಿಯಿಂದ ಓಡುತ್ತಾಳೆ ಎಂದುಕೊಂಡಿದ್ದೆ. ಅವಳು ಮೂರು ಸಲ ನಿಂತು ನಿಂತು ಹಿಂತಿರುಗಿ ನೋಡಿದಳು.

ಆ ಮನೆ ಈಗ ಇಲ್ಲ. ಎರಡು ವರ್ಷ ಬಿಟ್ಟು ಅಜ್ಜಿ ಹೋದಳು. ನಿಂತ ಮಗ್ಗಗಳು ಮೊದಲಿನಂತೆ ನಡೆಯಲಿಲ್ಲ. ಅಪ್ಪ ಅವನ್ನು ಗುಜರಿಗೆ ಕೊಟ್ಟು, ಜಾಗ ಮಾರಿ, ಸೋಂಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಪ್ಪ ಅಮ್ಮ ನೆಲಮಂಗಲದ ಬಾಡಿಗೆ ಮನೆಯಲ್ಲಿದ್ದಾರೆ. ನಮ್ಮ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ, ತುಂಬ ಕಿಟಕಿಗಳಿವೆ ಅದಕ್ಕೆ. ಮಾಯ್‌ಮಾಯ್ ತನ್ನ ದೇಶಕ್ಕೆ ಮರಳಿ ನರ್ಸಿಂಗ್ ಓದುತ್ತಿದ್ದಾಳೆ. ಭಾನುವಾರಗಳಲ್ಲಿ ಫೋನ್ ಮಾಡುತ್ತಾಳೆ, ಕನ್ನಡ ಮರೆಯಬಾರದೆಂದು ಕನ್ನಡದಲ್ಲೇ ಮಾತಾಡುತ್ತಾಳೆ. ಹುಳಿಯ ವಾಸನೆ ಬಂದ ಆ ವಾರದ ಕೊನೆಗೆ ಮಾತಾಡುವಾಗ, ಇದ್ದಕ್ಕಿದ್ದಂತೆ ಕೇಳಿದಳು:

"ಪುಟ್ಟಿ, ಮಗ್ಗದ ಮನೆ ಬಾಗ್ಲು ಹಸಿರು ಅಲ್ವಾ?"

"ನೀಲಿ ಕಣೇ."

"ಇಲ್ಲ, ಹಸಿರು. ದಿನಾ ನೋಡ್ತಿದ್ದೆ ನಾನು. ಬೇರೆ ಏನಿತ್ತು ನೋಡೋಕೆ?"

ಅಮ್ಮನಿಗೆ ಫೋನ್ ಮಾಡಿ ಕೇಳಿದೆ; ಕಂದು ಇರಬೇಕು ಎಂದಳು. ಅಪ್ಪ, "ಅದಕ್ಕೆ ಬಣ್ಣ ಇತ್ತೇನೇ?" ಎಂದ. ನಮ್ಮ ಹತ್ತಿರ ಇರುವ ಫೋಟೋಗಳಲ್ಲೆಲ್ಲ ಬರೀ ಮುಖಗಳು. ಬಾಗಿಲಿನ ಫೋಟೋ ಯಾರು ತೆಗೆದಿಟ್ಟುಕೊಳ್ಳುತ್ತಾರೆ? ಅಜ್ಜಿ ಇದ್ದಿದ್ದರೆ ಬಣ್ಣ ಬಳಿದವನ ಹೆಸರನ್ನೂ ಹೇಳುತ್ತಿದ್ದಳು. ನಾನು ಆ ಮನೆಯಲ್ಲೇ ಹುಟ್ಟಿದವಳು, ದಿನಕ್ಕೆ ಎಷ್ಟೋ ಸಲ ಆ ಬಾಗಿಲನ್ನು ತಳ್ಳಿಕೊಂಡು ಓಡಾಡಿದವಳು. ಕಣ್ಣು ಮುಚ್ಚಿ ಎಷ್ಟು ನೆನೆಸಿಕೊಂಡರೂ ಅಂಗೈಗೆ ಮರದ ಒರಟು ಸಿಗುತ್ತದೆ, ಬಣ್ಣ ಸಿಗುವುದಿಲ್ಲ. ಮತ್ತೆ ಅವಳಿಗೆ ಫೋನ್ ಮಾಡಿದೆ.

"ಆಯ್ತು ಬಿಡೇ," ಎಂದೆ. "ಹಸಿರೇ ಇರ್ಲಿ."

ನಾನೇ ಕಲಿಸಿದ ಭಾಷೆಯಲ್ಲಿ ಅವಳು ನನ್ನನ್ನೇ ತಿದ್ದಿದಳು.

"ಇರ್ಲಿ ಅಲ್ಲ, ಪುಟ್ಟಿ. ಇತ್ತು."